ಪಲ್ಕೆಜಾಲಿನ ತಿಳಿನೀರು

ಆ ವಾರವಿಡೀ ಚೈತನ್ಯಾ ಮೋಡವನ್ನು ಮೇಲಿನಿಂದ ನೋಡಿದಳು. ಪುತ್ತೂರಿನ ಕಾಲೇಜೊಂದರ ಹಿಂಬದಿಯಲ್ಲಿ, ಹಿಂದೆ ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆಯನ್ನು ಅವಳ ಸಂಶೋಧನಾ ಯೋಜನೆಗೆಂದು ಬಿಟ್ಟುಕೊಟ್ಟಿದ್ದರು. ಅಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತರೆ ಪರದೆಯ ತುಂಬ ಬಿಳಿ. ಆ ಬಿಳಿಯ ಅಡಿಯಲ್ಲೆಲ್ಲೋ ಪಲ್ಕೆಜಾಲು ಡ್ಯಾಮಿನ ಹಿನ್ನೀರು ಇತ್ತು. ಹಿನ್ನೀರಿನ ಮೇಲೆ ಪಾಚಿ ಇತ್ತೋ ಇಲ್ಲವೋ, ಅದನ್ನು ಹೇಳಬೇಕಾದವಳು ಅವಳು. ಹೇಳಲಾಗುತ್ತಿರಲಿಲ್ಲ. ಬೇಸಿಗೆಯ ಮೋಡ ಮಳೆಯನ್ನೂ ಸುರಿಸದೆ, ದಾರಿಯನ್ನೂ ಬಿಡದೆ ಕಡಬದ ಮೇಲೆ ಬಿದ್ದುಕೊಂಡಿತ್ತು.

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸುತ್ತಿದರೂ ಅಷ್ಟು ದೊಡ್ಡ ನೀರು ಬೇರೆ ಕಡೆ ಇಲ್ಲ. ಕರೆಂಟಿಗೆಂದು ಕಟ್ಟಿದ ಡ್ಯಾಮು. ಹಿಂದೆ ನಿಂತ ನೀರು ಗುಡ್ಡಗಳ ಸಂದಿಗೆಲ್ಲ ತೋಳು ಚಾಚಿ ಮಲಗಿದೆ. ಅಂಥ ಒಂದು ತೋಳಿನ ತುದಿಯಲ್ಲಿ ಪಂಪ್‌ಹೌಸು. ಅಲ್ಲಿಂದ ಎತ್ತಿದ ನೀರು ಮರಳಿನಲ್ಲಿ ಸೋಸಿ ಕೆಳಮಜಲಿನ ಟ್ಯಾಂಕಿಗೆ ಬೀಳುತ್ತದೆ, ಟ್ಯಾಂಕಿನಿಂದ ಮನೆಮನೆಯ ನಳ್ಳಿಗೆ. ಮಾರ್ಚಿನಲ್ಲಿ ಆ ತೋಳು ಹಸಿರಾಯಿತು. ಸುಮ್ಮನೆ ಹಸಿರಲ್ಲ, ಬಣ್ಣದ ಡಬ್ಬಿ ಮಗುಚಿದ ಹಾಗೆ, ಅಂಚಿನಲ್ಲಿ ಕೆನೆಗಟ್ಟಿ. ದಡದಲ್ಲಿ ನೀರು ಕುಡಿದ ಎರಡು ದನ ಸಂಜೆಯೊಳಗೆ ಕಾಲು ಚಾಚಿ ಸತ್ತವು. ಮಂಗಳೂರಿನ ಲ್ಯಾಬಿನವರು ಪಾಚಿಯಲ್ಲಿ ವಿಷ ಉಂಟು ಎಂದು ಬರೆದುಕೊಟ್ಟರು. ಪಂಪು ನಿಂತಿತು. ಕೆಳಮಜಲಿನ ಬಾವಿಗಳು ಅಷ್ಟರಲ್ಲಿ ತಳ ಕಂಡಿದ್ದವು. ಟ್ಯಾಂಕರ್ ಬಂದ ದಿನ ನೀರು, ಬಾರದ ದಿನ ಜಗಳ.

ಚೈತನ್ಯಾ ಬಂದದ್ದು ಆಗ. ಪಂಚಾಯತಿನ ಸಭೆಯಲ್ಲಿ ಅವಳು ಪರದೆ ಕಟ್ಟಿ ಚಿತ್ರ ತೋರಿಸಿದ್ದಳು. ಐದು ದಿನಕ್ಕೊಮ್ಮೆ ಉಪಗ್ರಹ ಈ ಊರಿನ ಮೇಲೆ ಹಾದುಹೋಗುತ್ತದೆ, ಹೋಗುವಾಗ ಫೋಟೋ ತೆಗೆಯುತ್ತದೆ, ಪಾಚಿ ಇದ್ದಲ್ಲಿ ನೀರಿನಿಂದ ವಾಪಸು ಹೋಗುವ ಬೆಳಕು ಬೇರೆಯಾಗಿರುತ್ತದೆ, ಅದನ್ನು ಲೆಕ್ಕ ಹಾಕಿ ನಾನು ನಕ್ಷೆ ಮಾಡಿ ನಿಮ್ಮ ಗ್ರೂಪಿಗೆ ಹಾಕುತ್ತೇನೆ, ಪಾಚಿ ಇದ್ದಲ್ಲಿ ಕೆಂಪು, ಇಲ್ಲದಲ್ಲಿ ನೀಲಿ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಸಾಲಿನವರು ಆಕಳಿಸತೊಡಗಿದ್ದರು. ಅವರನ್ನು ಎಬ್ಬಿಸಬೇಕೆಂದು ಅವಳು ಸುಲಭ ಮಾಡಿ ಹೇಳಿದಳು: "ಉಪಗ್ರಹಕ್ಕೆ ಬೇರೆಂತದೂ ಕಾಣುದಿಲ್ಲ. ಪಾಚಿಯ ಹಸಿರು ಮಾತ್ರ ಕಾಣುದು. ಆ ಹಸಿರು ಹೋದ ದಿನ ನಿಮಗೆ ನೀರು."

ಅದು ಎಲ್ಲರಿಗೂ ಹಿಡಿಸಿತು. ಮುಂದಿನ ಬೆಂಚಿನಲ್ಲಿದ್ದ ಮಾಯಿಲಪ್ಪ ಎದ್ದು ನಿಂತು ಆ ಮಾತನ್ನು ಅರೆಭಾಷೆಯಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ ಹೇಳಿ ಕುಳಿತ. ಡ್ಯಾಮಿಗೆ ಗದ್ದೆ ಬಿಟ್ಟುಕೊಟ್ಟು, ಉಳಿದ ಗುಡ್ಡದಲ್ಲಿ ತೋಟ ಮಾಡಿಕೊಂಡವನು, ನೀರಿನ ಸಮಿತಿಯ ಅಧ್ಯಕ್ಷ. ಹೋಗುವಾಗ ಅವಳ ಬಳಿ ಬಂದು, "ಅಕ್ಕ, ನೀವು ಮೇಲಿನಿಂದ ನೋಡಿ. ನಾವು ಕೆಳಗಿನಿಂದ ನೋಡ್ತೇವೆ. ನಡುವೆ ಎಲ್ಲಿಗೆ ತಪ್ಪಿಸಿಕೊಳ್ತದೆ ಅದು?" ಎಂದು ನಕ್ಕಿದ್ದ.

ನಿಯಮವನ್ನು ಅವಳೇ ಬರೆದಿದ್ದಳು. ಒಂದರ ಹಿಂದೆ ಒಂದು ಎರಡು ಚಿತ್ರ ನೀಲಿ ಬರಬೇಕು, ಜೊತೆಗೆ ಲ್ಯಾಬಿನ ವರದಿ ಬರಬೇಕು, ಆಮೇಲೆ ಪಂಪು. ಆದರೆ ನಿಯಮ ಬರೆಯುವಾಗ ಮೋಡ ಇರಲಿಲ್ಲ, ಗ್ರೂಪಿನಲ್ಲಿ ದಿನಾ ಬೆಳಗಾದರೆ ಬರುವ ಮೆಸೇಜುಗಳೂ ಇರಲಿಲ್ಲ. "ಸ್ಯಾಟಲೈಟ್ ಅಕ್ಕ, ಇವತ್ತು ಎಂತ ಬಣ್ಣ?" "ಅಕ್ಕ, ನಮ್ಮ ಎಮ್ಮೆಗೂ ನಿಮ್ಮ ನಕ್ಷೆ ತೋರಿಸಿದೆ, ಅದು ನಂಬುದಿಲ್ಲ." "ಮಕ್ಕಳನ್ನು ಮೀಯಿಸದೆ ಶಾಲೆಗೆ ಕಳಿಸುದು, ಟೀಚರ್ ಬೈತಾರೆ, ಸ್ಯಾಟಲೈಟಿಗೆ ಹೇಳಿ." ಅವಳು ಈಶ್ವರಮಂಗಲದ ಮನೆಯಿಂದ ಬಸ್ಸು ಹತ್ತುವಾಗ ಓದುವಳು, ಇಳಿಯುವಾಗ ಓದುವಳು. ಉತ್ತರವಾಗಿ ಹಾಕಲು ಅವಳ ಬಳಿ ಬಿಳಿ ಚಿತ್ರವಲ್ಲದೆ ಬೇರೇನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಿಳಿ ಇರಲಿಲ್ಲ.

ಹಿಂದಿನ ದಿನ ಉಪಗ್ರಹ ಹಾದುಹೋದ ಹೊತ್ತಿಗೆ ಸರಿಯಾಗಿ ಆಕಾಶ ತೆರೆದುಕೊಂಡಿತ್ತು. ಹಿನ್ನೀರು ಗುಡ್ಡಗಳ ನಡುವೆ ಅಂಗೈ ಬಿಡಿಸಿದ ಹಾಗೆ ಕಾಣುತ್ತಿತ್ತು. ಅವಳು ಲೆಕ್ಕ ಓಡಿಸಿದಳು. ಪಂಪ್‌ಹೌಸಿನ ತೋಳಿನ ಸರಾಸರಿ ಸಂಖ್ಯೆ ಬಂತು. ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓಡಿಸಿದಳು. ಅದೇ ಬಂತು. ನೀಲಿ.

ಯೋಜನೆಯ ಮುಖ್ಯಸ್ಥ ಗೌರೀಶಂಕರ ಸರ್ ಆಗ ಯಾವುದೋ ಸಮ್ಮೇಳನಕ್ಕೆಂದು ಮೈಸೂರಿನಲ್ಲಿದ್ದರು. ಅವಳು ಫೋನ್ ಮಾಡಿದಳು.

"ಸರ್, ನೀಲಿ ಬಂದಿದೆ. ಆದರೆ ಒಂದೇ ಚಿತ್ರ. ನಾವು ಎರಡು ಬೇಕು ಅಂತ ಹೇಳಿದ್ದು."

"ಇನ್ನೊಂದು ಯಾವಾಗ?"

"ಐದು ದಿನ ಬಿಟ್ಟು. ಆವತ್ತು ಪುನಃ ಮೋಡ ಅಂತ ತೋರಿಸ್ತಾ ಉಂಟು."

"ಮತ್ತೆ? ಜೂನಿನವರೆಗೆ ಕಾಯುದಾ? ಲ್ಯಾಬಿನವರು ಎಂತ ಹೇಳ್ತಾರೆ?"

"ಹಳೇ ಸ್ಯಾಂಪಲಿನದ್ದೇ ಇನ್ನೂ ಬರ್ಲಿಲ್ಲ ಸರ್."

ಆ ಕಡೆ ಯಾರೋ ಚಹಾಕ್ಕೆ ಕರೆದರು. "ಚೈತನ್ಯಾ, ಚಿತ್ರ ನಿನ್ನ ಮುಂದೆ ಉಂಟು. ನಿನಗೆ ಎಂತ ಅನಿಸ್ತದೆ, ಅದನ್ನು ಹೇಳು."

"ನೀರು ತಿಳಿ ಕಾಣ್ತದೆ ಸರ್."

"ಹಾಗಾದ್ರೆ ಹಾಕು ಮಾರಾಯ್ತಿ. ಜನ ಎಷ್ಟು ದಿನ ಟ್ಯಾಂಕರಿನ ಹಿಂದೆ ಓಡುದು?"

ಅವಳು ಹಾಕಿದಳು. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು, ಪಟಾಕಿಗಳು, ಕುಣಿಯುವ ಬೆಕ್ಕುಗಳು ಸಾಲುಗಟ್ಟಿ ಬಂದವು. ನೀರು ಬಿಡುವ ಉದಯ, "ಪಂಪು ಸ್ಟಾರ್ಟ್" ಎಂದು ಮೋಟರಿನ ವಿಡಿಯೋ ಕಳಿಸಿದ. ಮಾಯಿಲಪ್ಪ ವಾಯ್ಸ್ ಮೆಸೇಜು ಹಾಕಿದ: "ನೋಡಿ, ನಾನು ಹೇಳಿದ್ದೆ ಅಲ್ವಾ? ಅಕ್ಕ ಮೇಲಿನಿಂದ, ನಾವು ಕೆಳಗಿನಿಂದ." ಹಿನ್ನೆಲೆಯಲ್ಲಿ ಯಾರೋ ಜೋರಾಗಿ ನಗುವುದು ಕೇಳಿಸುತ್ತಿತ್ತು. ಬಹಳ ದಿನಗಳ ನಂತರ ಅವಳು ನಿಶ್ಚಿಂತೆಯಿಂದ ಎದುರಿನ ಹೋಟೆಲಿಗೆ ಹೋಗಿ ಎರಡು ಬನ್ಸು ತಿಂದು, ಚಹಾ ಕುಡಿದು ಬಂದಳು.

ಬಂದವಳು ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗಬಹುದಿತ್ತು. ಆದರೆ ಸರ್ ಸಮ್ಮೇಳನದಲ್ಲಿ ತೋರಿಸಲಿಕ್ಕೆ ಒಂದು ಚಂದದ ಚಿತ್ರ ಕೇಳಿದ್ದರು, ಹಳೆಯದ್ದೂ ಹೊಸದೂ ಅಕ್ಕಪಕ್ಕ. ಅದಕ್ಕೆಂದು ಅವಳು ಇಡೀ ಹಿನ್ನೀರನ್ನು ದೊಡ್ಡದು ಮಾಡಿ ಮೊದಲ ಸಲ ನಿಧಾನವಾಗಿ ನೋಡಿದಳು.

ಬೆಳಿಗ್ಗೆ ಅವಳು ನೋಡಿದ್ದು ಸಂಖ್ಯೆಯನ್ನು. ಒಂದೇ ತೋಳಿನ ಸಂಖ್ಯೆ, ಯಾಕೆಂದರೆ ನಿಯಮ ಕೇಳುವುದು ಅಷ್ಟನ್ನೇ. ಈಗ ಕಂಡಿತು: ಉಳಿದ ತೋಳುಗಳಲ್ಲಿ ಕೆಂಪು ಹಾಗೆಯೇ ಇತ್ತು, ಸ್ವಲ್ಪ ಮಾಸಿತ್ತು, ಅಷ್ಟೆ. ನೀಲಿಯಾದದ್ದು ಪಂಪ್‌ಹೌಸಿನ ತೋಳು ಮಾತ್ರ. ಅದೂ ದೊಡ್ಡ ನೀರಿಗೆ ಸೇರುವ ಬಾಯಿಯ ತನಕ. ಬಾಯಿಯಲ್ಲಿ ನೀಲಿಯೂ ಕೆಂಪೂ ಚಾಕುವಿನಿಂದ ಕೊಯ್ದ ಹಾಗೆ ಬೇರೆಯಾಗಿದ್ದವು. ತೋಳಿನ ಒಳಗೆ, ಇನ್ನೂ ದೊಡ್ಡದು ಮಾಡಿದರೆ, ಆಚೆ ದಡದಿಂದ ಈಚೆ ದಡಕ್ಕೆ ಗೆರೆಗಳು. ಒಂದರ ಪಕ್ಕ ಒಂದು, ಉತ್ತ ಗದ್ದೆಯ ಹಾಗೆ.

ಪಾಚಿ ಗಾಳಿಗೆ ಸರಿಯುತ್ತದೆ. ಮಳೆಗೆ ಕದಡುತ್ತದೆ. ಬಿಸಿಲು ಹೆಚ್ಚಾದರೆ ಅಡಿಗೆ ಇಳಿಯುತ್ತದೆ. ಆದರೆ ಗೆರೆ ಎಳೆದುಕೊಂಡು ಹೋಗುವುದಿಲ್ಲ.

ಅವಳು ಉದಯನಿಗೆ ಫೋನ್ ಮಾಡಿದಳು. ವ್ಯಾಪ್ತಿಯ ಹೊರಗೆ. ಪಂಪ್‌ಹೌಸಿನಲ್ಲಿ ಯಾವತ್ತೂ ರೇಂಜ್ ಇರುವುದಿಲ್ಲ, ವಿಡಿಯೋ ಕಳಿಸಲು ಅವನು ಗುಡ್ಡ ಹತ್ತಿರಬೇಕು. ಮಾಯಿಲಪ್ಪನಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಗ್ರೂಪಿನಲ್ಲಿ ಬರೆದಳು: "ದಯವಿಟ್ಟು ಯಾರೂ ನಳ್ಳಿ ನೀರು ಕುಡಿಯಬೇಡಿ. ಒಂದು ಸಂಶಯ ಇದೆ. ನಾನು ಬರುತ್ತಿದ್ದೇನೆ."

"ಬೆಳಿಗ್ಗೆ ಕುಡೀರಿ, ಮಧ್ಯಾಹ್ನ ಕುಡೀಬೇಡಿ. ಸ್ಯಾಟಲೈಟಿಗೆ ಜ್ವರ ಬಂತಾ ಅಕ್ಕ?" ಎಂದು ಒಬ್ಬ. "ಟ್ಯಾಂಕರಿನವ ಎಷ್ಟು ಕೊಟ್ಟ?" ಎಂದು ಇನ್ನೊಬ್ಬ. ಅದರ ಕೆಳಗೆ ನಗುವ ಮುಖಗಳು.

ಅವಳು ಸಹೋದ್ಯೋಗಿಯ ಸ್ಕೂಟರ್ ಕೇಳಿ ಹೊರಟಳು.

ಉಪ್ಪಿನಂಗಡಿ ದಾಟುವವರೆಗೆ ಅವಳು ತನಗೇ ಸಮಾಧಾನ ಹೇಳಿಕೊಂಡಳು. ಮೋಡದ ನೆರಳು ಇರಬಹುದು. ಚಿತ್ರದ ದೋಷ ಇರಬಹುದು. ದೋಷವಾದರೆ ಒಳ್ಳೆಯದೇ, ಬೈಸಿಕೊಂಡರೆ ಮುಗಿಯಿತು. ಕೊಯಿಲದ ಹತ್ತಿರ ಗುಡ್ಡದ ಹುಲ್ಲಿನಲ್ಲಿ ಸರಕಾರಿ ಫಾರ್ಮಿನ ದನಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಅವು ಡ್ಯಾಮಿನ ನೀರು ಕುಡಿಯುವವಲ್ಲ ಎಂದು ಗೊತ್ತಿದ್ದರೂ ಒಂದಾದರೂ ಮಲಗಿದೆಯೇ ಎಂದು ಅವಳ ಕಣ್ಣು ಹುಡುಕಿತು. ಒಂದು ಮಲಗಿತ್ತು, ಮೆಲುಕು ಹಾಕುತ್ತಿತ್ತು. ಆದರೂ ಆಲಂಕಾರಿನವರೆಗೆ ಅದೇ ಕಣ್ಣ ಮುಂದೆ. ಫೋನು ಜೇಬಿನಲ್ಲಿ ನಡುಗುತ್ತಲೇ ಇತ್ತು. ನಿಲ್ಲಿಸಿ ನೋಡುವ ಧೈರ್ಯವಾಗಲಿಲ್ಲ.

ಪಂಪ್‌ಹೌಸಿನ ಬಾಗಿಲಲ್ಲಿ ಉದಯ ಕಾಲು ನೀಡಿ ಕುಳಿತು ಕಲ್ಲಂಗಡಿ ತಿನ್ನುತ್ತಿದ್ದ. ಒಳಗೆ ಮೋಟರು ಗುಂಯ್‌ಗುಡುತ್ತಿತ್ತು.

"ಓ, ಅಕ್ಕನೇ ಬಂದ್ರಾ! ಬನ್ನಿ, ಒಂದು ತುಂಡು..."

"ಉದಯಣ್ಣ, ಪಂಪು ಬಂದ್ ಮಾಡಿ. ಮೊದಲು ಬಂದ್ ಮಾಡಿ."

ಅವಳ ಮುಖ ನೋಡಿ ಅವನು ಎದ್ದು ಒಳಗೆ ಹೋಗಿ ಸ್ವಿಚ್ಚು ಒತ್ತಿದ. ಮೋಟರು ನಿಂತಾಗ ಬಂದ ಮೌನದಲ್ಲಿ ನೀರು ದಡಕ್ಕೆ ತಾಗುವ ಸದ್ದು ಕೇಳಿಸಿತು.

"ಟ್ಯಾಂಕಿನ ಗೇಟ್‌ವಾಲ್ವ್ ತೆರೆದಿಲ್ಲ ಅಲ್ವಾ? ಸಂಜೆ ಅಲ್ವಾ ನೀವು ಬಿಡುದು?"

"ಸಂಜೆಗೆ ಬಿಡುದು ಹೌದು," ಉದಯ ಕೈಯನ್ನು ಲುಂಗಿಗೆ ಒರೆಸಿಕೊಂಡ. "ಆದ್ರೆ ಇವತ್ತು ಜನ ಕೊಡಪಾನ ಹಿಡ್ಕೊಂಡು ನಿಂತಿದ್ರು ಅಕ್ಕ. ಮಧ್ಯಾಹ್ನವೇ ಬಿಟ್ಟೆ. ಎಂತಾಯ್ತು?"

ಅವಳು ನೀರಿನ ಕಡೆ ನೋಡಿದಳು. ಹಿಂದಿನ ಸಲ ಬಂದಾಗ ಇಲ್ಲಿ ಹಸಿರು ಕೆನೆ ಇತ್ತು, ಮೂಗು ಮುಚ್ಚಿಕೊಳ್ಳಬೇಕಾಗಿತ್ತು. ಈಗ ತಳದ ಕಲ್ಲುಗಳು ಎಣಿಸಬಹುದಾದಷ್ಟು ತಿಳಿ. ಆ ತಿಳಿಯಲ್ಲಿ ಒಂದು ಮೀನಿನ ಮರಿಯೂ ಸುಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೆಳಮಜಲಿನ ಅಲಿ ಕುಂಞಿಯ ದೋಣಿ ಕಟ್ಟಿತ್ತು. ದೋಣಿಯ ಅಂಚಿನ ಮೇಲೆ ಒಣಗಲು ಹಾಕಿದ ಗೋಣಿಗಳು. ಗೋಣಿ ಮಾತ್ರವಲ್ಲ, ದೋಣಿಯ ಹಲಗೆ, ಹಗ್ಗ, ಹುಟ್ಟಿನ ಹಿಡಿ, ಎಲ್ಲದಕ್ಕೂ ನೀಲಿ ಹತ್ತಿತ್ತು.

ಆ ನೀಲಿಯನ್ನು ಅವಳಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಮಳೆಗಾಲ ಶುರುವಾದರೆ ಮನೆಯ ಅಂಗಳದಲ್ಲಿ ಡ್ರಮ್ಮಿಗೆ ಅಡ್ಡ ಕೋಲಿಟ್ಟು, ಗೋಣಿಯಲ್ಲಿ ಮೈಲುತುತ್ತು ಕಟ್ಟಿ ನೀರಿನಲ್ಲಿ ಇಳಿಬಿಡುತ್ತಾರೆ. ಅದು ಕರಗಿ ಇಳಿಯುತ್ತದೆ. ಸುಣ್ಣದ ನೀರು ಬೆರೆಸಿ ಅಡಿಕೆ ಗೊನೆಗಳಿಗೆ ಕೊಳೆರೋಗದ ಮದ್ದು ಬಿಡುತ್ತಾರೆ. ಅಪ್ಪನ ಉಗುರಿನ ಸಂದಿಯಲ್ಲಿ ಆ ಬಣ್ಣ ಆಟಿ ತಿಂಗಳ ಮಳೆ ಮುಗಿಯುವವರೆಗೆ ಇರುತ್ತಿತ್ತು. ಕೆಳಮಜಲಿನಲ್ಲಿ ಒಂದು ಮನೆಯ ಕೊಟ್ಟಿಗೆಯಲ್ಲೂ ಮೈಲುತುತ್ತು ಇಲ್ಲದೆ ಇರಲಿಕ್ಕಿಲ್ಲ.

"ಯಾರು ಹಾಕಿದ್ದು?" ಎಂದು ಕೇಳಿದಳು.

ಉದಯ ಉತ್ತರ ಹೇಳುವ ಮೊದಲೇ ಗುಡ್ಡದ ದಾರಿಯಿಂದ ಮಾಯಿಲಪ್ಪ ಇಳಿದು ಬಂದ. ಸ್ಕೂಟರ್ ನೋಡಿಯೇ ಬಂದಿರಬೇಕು, ಬೀಗಿಕೊಂಡೇ ಬಂದ.

"ಹೇಗೆ ಅಕ್ಕ? ನೀರು ಹೇಗುಂಟು? ನೋಡಿ, ಎಳನೀರಿನ ಹಾಗೆ!"

"ಮಾಯಿಲಪ್ಪಣ್ಣ, ನೀವು ಡ್ಯಾಮಿಗೆ ಮೈಲುತುತ್ತು ಹಾಕಿದ್ರಾ?"

"ಹಾಕ್ದೆ ಮತ್ತೆ?" ಅವನು ಗುಟ್ಟು ಹೇಳುವವನಂತೆ ಹತ್ತಿರ ಬಂದ. "ಹೋದ ವರ್ಷದ್ದು ಎಲ್ಲರ ಮನೆಯಲ್ಲೂ ಉಳಿದದ್ದು ಉಂಟು. ಅರ್ಧ ಚೀಲ, ಕಾಲು ಚೀಲ. ಒಟ್ಟು ಮಾಡಿದೆವು. ಗೋಣಿಯಲ್ಲಿ ಕಟ್ಟಿ ದೋಣಿಯ ಎರಡು ಬದಿಗೆ ಇಳಿಬಿಟ್ಟು, ಆ ದಡಕ್ಕೆ ಈ ದಡಕ್ಕೆ, ಆ ದಡಕ್ಕೆ ಈ ದಡಕ್ಕೆ. ಸಾಲು ತಪ್ಪಿಲ್ಲ, ಕೇಳಿ ಬೇಕಾದ್ರೆ. ಸುಣ್ಣ ಹಾಕ್ಲಿಲ್ಲ, ಕುಡಿಯುವ ನೀರು ಅಲ್ವಾ ಅಂತ. ಎರಡನೇ ದಿನಕ್ಕೆ ಹಸಿರು ಮಾಯ! ಕೊಳೆರೋಗಕ್ಕೆ ಆಗ್ತದೆ ಅಂದ್ರೆ ಪಾಚಿ ಎಂತ ದೊಡ್ಡದು?"

"ನನಗೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಕಾಣ್ತದೆ ಅಲ್ವಾ?" ಮಾಯಿಲಪ್ಪನಿಗೆ ಆಶ್ಚರ್ಯ. "ನೀವೇ ಹೇಳಿದ್ದು. ಆ ಹಸಿರು ಹೋದ ದಿನ ನೀರು ಅಂತ."

ಚೈತನ್ಯಾ ದೋಣಿ ಕಟ್ಟುವ ಗೂಟದ ಮೇಲೆ ಕುಳಿತಳು. ಪರದೆಯ ಮುಂದೆ ಹೇಳುವುದಾಗಿದ್ದರೆ ಇದಕ್ಕೆ ಅವಳ ಬಳಿ ಚಿತ್ರಗಳಿದ್ದವು, ಬಾಣದ ಗುರುತುಗಳಿದ್ದವು. ಈಗ ಬರೀ ಬಾಯಿಮಾತಿನಲ್ಲಿ ಹೇಳಬೇಕಾಗಿತ್ತು.

"ಮಾಯಿಲಪ್ಪಣ್ಣ, ವಿಷ ಇರುದು ಪಾಚಿಯ ಹೊಟ್ಟೆಯ ಒಳಗೆ. ಬದುಕಿರುವಾಗ ಹೆಚ್ಚಿನದ್ದು ಒಳಗೇ ಇರ್ತದೆ. ಇಡೀ ಪಾಚಿಯನ್ನು ನಮ್ಮ ಮರಳಿನ ಫಿಲ್ಟರ್ ಹಿಡೀತದೆ. ನೀವು ಮದ್ದು ಬಿಟ್ರಿ, ಅದು ಸತ್ತಿತು, ಹೊಟ್ಟೆ ಒಡೆಯಿತು. ಎಲ್ಲ ವಿಷ ನೀರಿಗೆ ಬಂತು. ಕರಗಿದ್ದನ್ನು ಮರಳು ಹಿಡಿಯುದಿಲ್ಲ. ನನ್ನ ಸ್ಯಾಟಲೈಟಿಗೂ ಕಾಣುದಿಲ್ಲ. ಹಸಿರಿದ್ದ ನೀರಿಗಿಂತ ಈ ತಿಳಿ ನೀರೇ ಹೆಚ್ಚು ಅಪಾಯ."

ಅವನ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯಲ್ಲಿ ಹಾಗೇ ಉಳಿದು, ಕಣ್ಣಿನಿಂದ ಮೊದಲು ಹೋಯಿತು. "ಎಷ್ಟು ಅಪಾಯ?"

"ಗೊತ್ತಿಲ್ಲ. ಲ್ಯಾಬಿನವರು ಹೇಳ್ಬೇಕು. ಲಿವರಿಗೆ ಹೊಡೀತದೆ. ಮಾರ್ಚಿನಲ್ಲಿ ದನಗಳು ಸತ್ತದ್ದು ಅದರಿಂದಲೇ."

"ದನ ಕೆನೆ ಸಮೇತ ಕುಡಿದದ್ದು ಅಲ್ವಾ?"

"ಹೌದು. ಇದು ಅಷ್ಟು ಇರ್ಲಿಕ್ಕಿಲ್ಲ. ಇರಲೂಬಹುದು. ನನಗೆ ಗೊತ್ತಿಲ್ಲ."

ಉದಯ ಆಗಲೇ ಬೈಕು ಸ್ಟಾರ್ಟ್ ಮಾಡಿದ್ದ. "ನಾನು ವಾಲ್ವ್ ಬಂದ್ ಮಾಡ್ತೇನೆ, ಟ್ಯಾಂಕಿ ಖಾಲಿ ಮಾಡ್ತೇನೆ. ಅದರ ನೀರು ತೋಡಿಗೆ ಬಿಟ್ರೆ ಅಲ್ಲಿ ದನ ಕುಡೀತದೆ, ಎಲ್ಲಿಗೆ ಬಿಡ್ಲಿ ಅಕ್ಕ?" ಅವಳಿಗೆ ಅದೂ ಹೊಳೆದಿರಲಿಲ್ಲ. "ವಾಲ್ವ್ ಮಾತ್ರ ಬಂದ್ ಮಾಡಿ. ನೀರು ಅಲ್ಲೇ ಇರ್ಲಿ," ಎಂದಳು. ಅವನು ಹೋದ.

ಮಾಯಿಲಪ್ಪ ಗೋಣಿಯೊಂದನ್ನು ಎತ್ತಿ, ಮಡಚಿ, ಮತ್ತೆ ಅಲ್ಲೇ ಇಟ್ಟ. "ಅಕ್ಕ, ಒಂದು ಮಾತು. ಸ್ಯಾಟಲೈಟಿನದ್ದು ತಪ್ಪಾಯ್ತು ಅಂತ ಹಾಕಿ. ನೀರು ಕುಡೀಬೇಡಿ ಅಂತ ಹಾಕಿ. ನೀರು ಕುಡೀದಿದ್ರೆ ಆಯ್ತಲ್ಲ? ಮದ್ದಿನ ಸುದ್ದಿ ಯಾಕೆ? ಪೊಲೀಸ್ ಕೇಸಾಗ್ತದೆ. ಅಲಿ ಕುಂಞಿಗೆ ಸಣ್ಣ ಮಕ್ಕಳು ಉಂಟು."

ಅದು ಸುಲಭವಾಗಿತ್ತು. ತಪ್ಪು ಅವಳದ್ದೂ ಹೌದು. ಎರಡು ಚಿತ್ರ ಬೇಕು ಎಂದು ಬರೆದವಳು ಒಂದಕ್ಕೆ ಒಪ್ಪಿದ್ದಳು. ನಾಲ್ಕು ದಿನ ಜನ ಬೈಯುತ್ತಾರೆ, ಆಮೇಲೆ ಮರೆಯುತ್ತಾರೆ. ಆದರೆ ಯಾರಿಗಾದರೂ ಹೊಟ್ಟೆನೋವು ಬಂದು ಕಡಬದ ಆಸ್ಪತ್ರೆಗೆ ಹೋದರೆ ಡಾಕ್ಟರಿಗೆ ಕಾರಣ ಹೇಗೆ ಗೊತ್ತಾಗಬೇಕು?

"ಮೊದಲು ಮನೆಗಳಿಗೆ ಹೋಗುವ," ಎಂದಳು. "ಗ್ರೂಪಿನಲ್ಲಿ ಯಾರೂ ನನ್ನನ್ನು ನಂಬುದಿಲ್ಲ."

ಕೆಳಮಜಲಿನಲ್ಲಿ ಮನೆಗಳು ಒಂದರ ಬೆನ್ನಿಗೆ ಒಂದು ಇಲ್ಲ. ಒಂದು ಇಳಿದರೆ ಇನ್ನೊಂದು ಹತ್ತಬೇಕು. ಅವರು ಹತ್ತಿದರು, ಇಳಿದರು. ಪ್ರತಿ ಅಂಗಳದಲ್ಲೂ ಹಬ್ಬ ಕಳೆದ ಹಾಗಿತ್ತು: ತೊಳೆದು ಒಣಹಾಕಿದ ಕಂಬಳಿಗಳು, ಹಿಂಡಿದ ಬಟ್ಟೆಗಳು, ತಲೆ ತೊಳೆದು ಕೂದಲು ಬಿಚ್ಚಿ ಕುಳಿತ ಹೆಂಗಸರು. ಚೈತನ್ಯಾ ಹೇಳುವಳು, ನೀರು ಸರಿಯಿಲ್ಲ, ಚೆಲ್ಲಿಬಿಡಿ. ಅವರು ಅವಳ ಹಿಂದೆ ನಿಂತ ಮಾಯಿಲಪ್ಪನ ಮುಖ ನೋಡುವರು. ಮಾಯಿಲಪ್ಪ ಕೆಮ್ಮಿ, "ಹೌದಂತೆ. ಸ್ಯಾಟಲೈಟಿನದ್ದು ಏನೋ ತಾಂತ್ರಿಕ ತೊಂದರೆಯಂತೆ," ಎನ್ನುವನು. ಅವಳು ಅಲ್ಲವೆನ್ನಲು ಪ್ರತಿ ಸಲ ಬಾಯಿ ತೆರೆದಳು, ಪ್ರತಿ ಸಲ ಮುಂದಿನ ಮನೆಯ ಅವಸರ ಅವಳನ್ನು ಎಳೆದುಕೊಂಡು ಹೋಯಿತು. ಒಬ್ಬರು ಚೆಲ್ಲಿದರು. ಒಬ್ಬರು, "ಆಯ್ತು ಆಯ್ತು, ಚೆಲ್ತೇವೆ," ಎಂದು ಕೊಡಪಾನವನ್ನು ಒಳಗೆ ತೆಗೆದುಕೊಂಡು ಹೋದರು. ಚೆಲ್ಲುವವರು ಒಳಗೆ ಯಾಕೆ ಕೊಂಡೊಯ್ಯಬೇಕು? ಅವಳು ಹಿಂದೆ ತಿರುಗಿ ನೋಡುತ್ತ ನೋಡುತ್ತ ಇಳಿದಳು. ಆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು.

ರುಖಿಯಮ್ಮನ ಮನೆ ತಲುಪುವಾಗ ಬಿಸಿಲು ಹಳದಿಯಾಗಿತ್ತು. ಅಲಿ ಕುಂಞಿಯ ತಾಯಿ. ಮಗ ಉಪ್ಪಿನಂಗಡಿಗೆ ಹೋಗಿದ್ದ, ಸೊಸೆ ಮಕ್ಕಳೊಂದಿಗೆ ತವರಿನಲ್ಲಿದ್ದಳು. ಮುದುಕಿ ಒಬ್ಬಳೇ ಜಗಲಿಯಲ್ಲಿ ಕುಳಿತು ದೊಡ್ಡ ಅಲ್ಯುಮಿನಿಯಂ ಪಾತ್ರೆಯ ನೀರಿಗೆ ಜೀರಿಗೆ ಹಾಕುತ್ತಿದ್ದಳು. ನೀರಿನಿಂದ ಹಬೆ ಏಳುತ್ತಿತ್ತು.

"ಬಾ ಮೋಳೆ," ಎಂದು ಮಗಳನ್ನು ಕರೆದಂತೆ ಕರೆದಳು. "ಬಿಸಿಲಲ್ಲಿ ಬಂದದ್ದು, ಒಂದು ಗ್ಲಾಸು ಕುಡಿ."

"ರುಖಿಯಮ್ಮ, ಇದು ನಳ್ಳಿ ನೀರಾ? ನೀವು ಕುಡಿದ್ರಾ?"

"ಒಂದು ಗ್ಲಾಸು ಕುಡಿದೆ. ಎಷ್ಟು ದಿನ ಆಯ್ತು ಕೆಸರು ವಾಸನೆ ಇಲ್ಲದ ನೀರು ಕುಡೀದೆ."

"ಇನ್ನು ಕುಡೀಬೇಡಿ. ಇದರಲ್ಲಿ ವಿಷ ಇರಬಹುದು. ಚೆಲ್ಲಿ."

"ನಾನು ಕುದಿಸಿದ್ದೇನೆ ಮೋಳೆ. ಚೆನ್ನಾಗಿ ಕುದಿಸಿದ್ದೇನೆ."

"ಕುದಿಸಿದ್ರೆ ಹೋಗುದಿಲ್ಲ ಇದು."

"ಸ್ಯಾಟಲೈಟಿಗೆ ಏನೋ ತೊಂದರೆಯಂತೆ," ಎಂದ ಮಾಯಿಲಪ್ಪ ಇಲ್ಲೂ.

ರುಖಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೋಪವಿರಲಿಲ್ಲ. "ನೀನೇ ಅಲ್ವಾ ಬೆಳಿಗ್ಗೆ ನೀಲಿ ಅಂತ ಹಾಕಿದ್ದು? ಮಗ ತೋರಿಸಿದ. ಈಗ ನೀನೇ ವಿಷ ಅಂತೀಯಾ. ನಾಳೆ ಇನ್ನೊಂದು ಹೇಳ್ತೀಯಾ. ನಾನು ಯಾವ ಚೈತನ್ಯಾಳನ್ನು ನಂಬುದು? ಕುದಿಸಿದ ನೀರಿನಲ್ಲಿ ವಿಷ ಉಂಟಂತೆ! ನನ್ನ ಉಮ್ಮ ನಮ್ಮನ್ನೆಲ್ಲ ಸಾಕಿದ್ದೇ ಕುದಿಸಿದ ನೀರಿನಲ್ಲಿ." ಅವಳು ಮಾಯಿಲಪ್ಪನ ಕಡೆ ತಿರುಗಿದಳು. "ಎಂತ ಮಾಯಿಲಪ್ಪ, ನೀನಾದ್ರೂ ಹೇಳು ಮಾರಾಯ. ಸ್ಯಾಟಲೈಟಿಗೆ ತೊಂದರೆಯಾದ್ರೆ ನೀರಿಗೆ ಎಂತಾಗ್ತದೆ?"

ಹೀಗೆ ಕೇಳಿಕೊಂಡೇ ಅವಳು ಸೌಟಿನಿಂದ ಗ್ಲಾಸಿಗೆ ನೀರು ಎತ್ತಿದಳು. ತಣಿಯಲೆಂದು ಊದಿದಳು. ಚೈತನ್ಯಾ ಜಗಲಿಯ ಮೆಟ್ಟಿಲು ಹತ್ತಿ ಕೈ ಹಿಡಿಯಬೇಕೋ ಬೇಡವೋ ಎಂದು ಒಂದು ಕ್ಷಣ ನಿಂತಳು. ಮಾಯಿಲಪ್ಪ ಅಂಗಳದಲ್ಲೇ ಇದ್ದ. ಗ್ಲಾಸು ತುಟಿಯ ಹತ್ತಿರ ಹೋಯಿತು.

"ನಾನು ಮದ್ದು ಹಾಕಿದ್ದು, ರುಖಿಯಮ್ಮ," ಎಂದ ಮಾಯಿಲಪ್ಪ.

ಅವಳು ಗ್ಲಾಸನ್ನು ಇಳಿಸಲಿಲ್ಲ, ಕುಡಿಯಲೂ ಇಲ್ಲ.

"ಎಂತ ಮದ್ದು?"

"ಅಡಿಕೆಗೆ ಬಿಡುವ ಮದ್ದು. ಮೈಲುತುತ್ತು. ಡ್ಯಾಮಿಗೆ ನಾನೇ ಹಾಕಿದ್ದು, ಪಾಚಿ ಹೋಗ್ಲಿ ಅಂತ. ಪಾಚಿ ಸತ್ತಿತು, ಅದರ ವಿಷ ಎಲ್ಲ ನೀರಿಗೆ ಬಂತಂತೆ. ಇವರಿಗೆ ಗೊತ್ತಿರ್ಲಿಲ್ಲ. ಮೇಲಿನಿಂದ ಕಾಣುದಿಲ್ಲ ಅದು. ನಾನು ಹಾಕಿದ್ದು, ನಾನೇ ಹೇಳ್ತಾ ಇದ್ದೇನೆ. ಚೆಲ್ಲು."

ದೋಣಿಯ ಹೆಸರು ಅವನು ಎತ್ತಲಿಲ್ಲ. ರುಖಿಯಮ್ಮ ಅವನನ್ನೇ ನೋಡುತ್ತಿದ್ದಳು. ಅವನ ಎರಡೂ ಕೈಗಳನ್ನು, ಬೆರಳುಗಳ ನೀಲಿಯನ್ನು ನೋಡುತ್ತಿದ್ದಳು. ಮನೆಯಲ್ಲಿ ಮಗನ ಕೈಯನ್ನೂ ಅವಳು ನೋಡಿರಬೇಕು. ಗ್ಲಾಸನ್ನು ಪಾತ್ರೆಗೆ ಮಗುಚಿ, ಪಾತ್ರೆಯ ಕಿವಿಗಳನ್ನು ಸೆರಗಿನಿಂದ ಹಿಡಿದು, ಮೆಟ್ಟಿಲಿನವರೆಗೆ ಎತ್ತಿ ತಂದಳು. ಚೈತನ್ಯಾ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಸೇರಿ ಅಂಗಳಕ್ಕೆ ಸುರಿದರು.

"ನಾನು ಕುಡಿದದ್ದು ಒಂದು ಗ್ಲಾಸು," ಎಂದಳು ರುಖಿಯಮ್ಮ. "ಒಂದು ಗ್ಲಾಸಿಗೆ ಎಂತಾಗ್ತದೆ ಮೋಳೆ?"

"ಏನೂ ಆಗ್ಲಿಕ್ಕಿಲ್ಲ," ಎನ್ನಲು ಹೊರಟು ಚೈತನ್ಯಾ ನಾಲಿಗೆ ಕಚ್ಚಿಕೊಂಡಳು. ಬೆಳಿಗ್ಗೆ ಅವಳು ಹೇಳಿದ್ದೂ ಅಂಥದೇ ಮಾತು. "ಗೊತ್ತಿಲ್ಲ ರುಖಿಯಮ್ಮ. ವಾಂತಿ ಬಂದ್ರೆ, ಹೊಟ್ಟೆ ನೋವು ಬಂದ್ರೆ, ಕೂಡ್ಲೇ ಹೇಳ್ಬೇಕು. ನಾನು ಇಲ್ಲೇ ಇರ್ತೇನೆ. ನಿಮ್ಮ ಮಗ ಬರುವವರೆಗೆ."

"ಇರು," ಎಂದಳು ಮುದುಕಿ, ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತ.

ಮಾಯಿಲಪ್ಪ ಅಷ್ಟರಲ್ಲಿ ಅಂಗಳ ದಾಟಿ ಹೊರಟಿದ್ದ. ಕೆಳಗಿನ ಮನೆಗಲ್ಲ, ಮೇಲಕ್ಕೆ, ಆಗಲೇ ಹೋಗಿ ಬಂದಿದ್ದ ಮನೆಗಳ ದಾರಿಗೆ. ಕೊಡಪಾನವನ್ನು ಒಳಗೆ ಕೊಂಡೊಯ್ದಿದ್ದ ಮನೆಯ ಗೇಟು ಕಿರುಗುಟ್ಟಿತು. ಅವನು ತುಳುವಿನಲ್ಲಿ ಮಾತಾಡುವುದು ಕೇಳಿಸಿತು. ಮೊದಲು ತನ್ನ ಹೆಸರು ಹೇಳಿದ, ಆ ಮನೆಯವರಿಗೆ ಹುಟ್ಟಿದಂದಿನಿಂದ ಗೊತ್ತಿರುವ ಹೆಸರನ್ನು. ಆಮೇಲೆ ಮದ್ದಿನ ವಿಷಯ. ಯಾರೋ ಕಿರುಚಿದರು. ಅವನು ದನಿ ಏರಿಸದೆ ಮತ್ತೆ ಮೊದಲಿನಿಂದ ಹೇಳಿದ.

ಚೈತನ್ಯಾ ಫೋನು ತೆಗೆದಳು. ಬೆಳಗಿನ ನಕ್ಷೆಯನ್ನು ಅಳಿಸಲು ಬೆರಳಿಟ್ಟಾಗ ಬದಿಯಲ್ಲೇನೋ ಮಿಸುಕಿತು. ಕೊಟ್ಟಿಗೆಯ ಹಿಂದಿನಿಂದ ರುಖಿಯಮ್ಮನ ಆಡುಗಳು ಬಂದಿದ್ದವು, ಮೂರೋ ನಾಲ್ಕೋ. ಚೆಲ್ಲಿದ ನೀರು ಅಂಗಳದ ತಗ್ಗಿನಲ್ಲಿ ನಿಂತು ಹೊಳೆಯುತ್ತಿತ್ತು. ಜೀರಿಗೆಯ ವಾಸನೆಗೆ ಮುಂದಿನ ಆಡು ಮೂಗು ಅರಳಿಸಿತು.

"ಹೇಯ್!" ಅವಳು ಫೋನು ಮೆಟ್ಟಿಲ ಮೇಲೆ ಎಸೆದು ಓಡಿದಳು. ಒಂದನ್ನು ದೂಡಿದರೆ ಇನ್ನೊಂದು ಈಚೆಯಿಂದ ನುಗ್ಗಿತು. ಅದನ್ನು ತಳ್ಳಿದರೆ ಮೊದಲಿನದು ಸುತ್ತು ಹಾಕಿ ಬಂತು. ಅವಳು ನೀರಿನ ನಡುವೆಯೇ ಹೋಗಿ ನಿಂತು, ಎರಡೂ ಕೈ ಅಗಲಿಸಿ, ಚಪ್ಪಲಿಯೊಳಗೆ ಉಗುರುಬಿಸಿ ನೀರು ತುಂಬುತ್ತಿರಲು, ಹೇಯ್ ಹೇಯ್ ಎನ್ನುತ್ತ ತಿರುಗಿದಳು. ಮುರಕಲ್ಲಿನ ಕೆಂಪು ಮಣ್ಣು, ಬಿಸಿಲಿಗೆ ಕಾದು ಗಟ್ಟಿಯಾಗಿತ್ತು, ನೀರನ್ನು ಬೇಗ ಕುಡಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ರುಖಿಯಮ್ಮ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ಆ ಕೈ ಸುಮ್ಮನೆ ಅಲ್ಲಿತ್ತೋ, ನೋವಿಗೆ ಅಲ್ಲಿತ್ತೋ, ಅಷ್ಟು ದೂರದಿಂದ ಚೈತನ್ಯಾಳಿಗೆ ಗೊತ್ತಾಗಲಿಲ್ಲ. ಹತ್ತಿರ ಹೋಗಿ ಕೇಳಬೇಕು. ಆದರೆ ನೀರು ಇನ್ನೂ ಇಂಗಿರಲಿಲ್ಲ, ಆಡುಗಳು ಇನ್ನೂ ಹೋಗಿರಲಿಲ್ಲ.

"ರುಖಿಯಮ್ಮ, ಹೇಗುಂಟು?" ಎಂದು ಅವಳು ಅಲ್ಲಿಂದಲೇ ಕೂಗಿದಳು, ಕೈ ಇಳಿಸದೆ.